ಬೆರಳು ಮುಟ್ಟಿತೆಂದು ತೀರ್ಮಾನಿಸುವವರಾರು?

ಮೋಟಾರು ಕಾರಿನಲ್ಲಿ ದಾರಿ ತೋರಿಸುವ ಜಿ.ಪಿ.ಎಸ್. ಯಂತ್ರವನ್ನು ಇಂದು ಕಾಣದವರು ವಿರಳ. ಕೆಲವು ಕಾರುಗಳಲ್ಲಿ ಅದು ಚಾಲಕನ ಮುಂದಿನ ಹಲಗೆಯಲ್ಲಿಯೇ ಸೇರಿಕೊಂಡಿರುತ್ತದೆ. ಕೆಲವರು ಅಂಗೈಯಗಲದ ಬೇರೊಂದು ಯಂತ್ರವನ್ನು ತಂದು ಎದುರುಗಾಜಿಗೆ ಅಂಟಿಸಿಕೊಳ್ಳುತ್ತಾರೆ. ಎರಡರಲ್ಲಿಯೂ ಗುಂಡಿಗಳು ಕಡಮೆ. ಪರದೆಯನ್ನು ಬೆರಳಿನಿಂದ ಮುಟ್ಟಿಯೇ ಊರಿನ ಹೆಸರನ್ನು ತಿಳಿಸಬೇಕು, ನಕ್ಷೆಯನ್ನು ಸರಿಸಬೇಕು. ಇಂಥ ಯಂತ್ರಗಳ ವಿಷಯದಲ್ಲಿ ಆಗಾಗ ಒಂದು ವಿಚಿತ್ರವಾದ ದೂರು ಕೇಳಿಬರುತ್ತದೆ. ನಿನ್ನೆಯವರೆಗೆ ಹಗುರವಾಗಿ ಸೋಕಿದರೆ ಸಾಕಾಗಿದ್ದ ಪರದೆ ಇಂದು ಎರಡು ಮೂರು ಸಲ ಒತ್ತಿದರೂ ಓಗೊಡದು. ಅಥವಾ ಇದಕ್ಕೆ ತದ್ವಿರುದ್ಧವಾಗಿ, ಯಾರೂ ಮುಟ್ಟದೆಯೇ ಅಕ್ಷರಗಳು ತಾವಾಗಿ ಮೂಡತೊಡಗುವುವು. ನಡುವೆ ನಡೆದದ್ದು ಇಷ್ಟೆ: ಯಂತ್ರದೊಳಗೆ ನೆಲೆಗೊಳಿಸಿರುವ ಮೂಲ ಪ್ರೋಗ್ರಾಂ, ಎಂದರೆ ಫರ್ಮ್‌ವೇರ್, ತಯಾರಕರು ಕಳುಹಿಸಿದ ಹೊಸ ಆವೃತ್ತಿಗೆ ಬದಲಾಗಿದೆ.

ಗಾಜು ಬದಲಾಗಿಲ್ಲ, ತಂತಿ ಬದಲಾಗಿಲ್ಲ, ಬೆರಳೂ ಹಿಂದಿನದೇ. ಹಾಗಿರುವಲ್ಲಿ ಸ್ಪರ್ಶದ ಸೂಕ್ಷ್ಮತೆ ಮಾತ್ರ ಬದಲಾದದ್ದು ಹೇಗೆ? ವಸ್ತುವಿನ ಗುಣವನ್ನು ಬರಿಯ ಆದೇಶಗಳ ಪಟ್ಟಿಯೊಂದು ಮಾರ್ಪಡಿಸಬಲ್ಲುದೆ?

ಮಾರ್ಪಡಿಸಲಾರದು. ಆದರೆ ಸ್ಪರ್ಶವನ್ನು ಗುರುತಿಸುವುದು ಗಾಜಿನ ಗುಣವೆಂದು ನಾವು ತಿಳಿದಿರುವುದೇ ಸರಿಯಲ್ಲ. ಬೆರಳು ತಾಗಿತೆಂಬುದು ಗಾಜಿಗೆ ಎಂದೂ ತಿಳಿಯದು. ಅಲ್ಲಿ ಒಂದು ವಿದ್ಯುತ್ ಪರಿಮಾಣ ತುಸು ಏರುವುದು ಅಥವಾ ಇಳಿಯುವುದು. ಅದನ್ನು ಅಳೆದು, ಬಂದ ಅಂಕಿಯನ್ನು ನೋಡಿ, 'ಇದು ಬೆರಳು, ಇದು ಬೆರಳಲ್ಲ' ಎಂದು ತೀರ್ಪು ಕೊಡುವುದು ಪ್ರೋಗ್ರಾಂ. ತೀರ್ಪಿನ ನಿಯಮ ಬದಲಾದರೆ ಅದೇ ಗಾಜು ಜಾಣನಂತೆಯೂ ಮಂಕನಂತೆಯೂ ವರ್ತಿಸುವುದು. ಈ ಅಳತೆ ಮತ್ತು ತೀರ್ಪು ನಡೆಯುವ ಬಗೆಯನ್ನು ಈಗ ನೋಡೋಣ.

ಹಳೆಯ ಜಿ.ಪಿ.ಎಸ್. ಯಂತ್ರಗಳಲ್ಲಿ ಬಹುಪಾಲು ರೋಧಾತ್ಮಕ ಪರದೆಗಳು ಇದ್ದುವು. ಇಂಥ ಪರದೆಗಳನ್ನು ೧೯೭೦ರ ದಶಕದಲ್ಲಿ ಬಳಕೆಗೆ ತಂದವರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಹರ್ಸ್ಟ್ ಪ್ರಮುಖರು. ಇದರಲ್ಲಿ ಕೆಳಗೆ ಗಾಜು, ಮೇಲೆ ಬಾಗಬಲ್ಲ ಪ್ಲಾಸ್ಟಿಕ್ ಹಾಳೆ. ಎರಡರ ಎದುರುಬದುರು ಮೈಗಳಿಗೂ ಇಂಡಿಯಂ ಮತ್ತು ತವರದ ಆಕ್ಸೈಡಿನ ತೆಳುಲೇಪವಿದೆ. ಬೆಳಕನ್ನೂ ಬಿಡುವ, ವಿದ್ಯುತ್ತನ್ನೂ ಹರಿಸುವ ಅಪರೂಪದ ವಸ್ತು ಇದು. ನಡುವೆ ಕಣ್ಣಿಗೆ ಕಾಣಿಸದಷ್ಟು ಸಣ್ಣ ಅವಾಹಕ ಚುಕ್ಕೆಗಳು ಎರಡು ಪದರಗಳನ್ನೂ ಬೇರೆಯಾಗಿ ಹಿಡಿದಿರುತ್ತವೆ. ಬೆರಳಿನಿಂದ ಒತ್ತಿದೆಡೆ ಮೇಲಿನ ಹಾಳೆ ಬಾಗಿ ಕೆಳಗಿನದನ್ನು ಮುಟ್ಟುವುದು. ಒಂದು ಪದರದ ಎಡ ಬಲ ಅಂಚುಗಳ ನಡುವೆ ೫ ವೋಲ್ಟ್ ವಿಭವಾಂತರವನ್ನು ಕೊಟ್ಟಿದ್ದರೆ, ಅಗಲದ ಐದರಲ್ಲಿ ಮೂರು ಪಾಲು ದೂರದಲ್ಲಿ ಮುಟ್ಟಿದಾಗ ಇನ್ನೊಂದು ಪದರದಲ್ಲಿ ೩ ವೋಲ್ಟ್ ತೋರುವುದು. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಮೀಟರು ಉದ್ದದ ತಂತಿಯ ಮೇಲೆ ಜಾಕಿಯನ್ನು ಒತ್ತಿ ಅಳೆಯುತ್ತೇವಲ್ಲ, ತತ್ತ್ವ ಅದೇ. ಮರುಕ್ಷಣದಲ್ಲಿ ಪದರಗಳ ಪಾತ್ರವನ್ನು ಅದಲುಬದಲು ಮಾಡಿ ಮೇಲೆ ಕೆಳಗಿನ ದೂರವನ್ನೂ ಅಳೆಯುತ್ತಾರೆ.

ಹಾಗೆ ಬಂದ ವೋಲ್ಟೇಜನ್ನು, ಸಾಮಾನ್ಯವಾಗಿ ೦ಯಿಂದ ೪೦೯೫ರ ವರೆಗಿನ ಒಂದು ಪೂರ್ಣಾಂಕವಾಗಿ ಪರಿವರ್ತಿಸಲಾಗುವುದು. ಈ ಅಂಕಿ ಚಿತ್ರದ ಯಾವ ಬಿಂದುವಿಗೆ ಸಲ್ಲಬೇಕು? ಹಾಳೆಯನ್ನು ಅಂಟಿಸುವಾಗ ಕೂದಲೆಳೆಯಷ್ಟು ಓರೆಯಾಗಿದ್ದರೂ ಲೆಕ್ಕ ತಪ್ಪುವುದು. ಅದಕ್ಕಾಗಿಯೇ ಹಳೆಯ ಯಂತ್ರಗಳು ಪರದೆಯ ಮೇಲೆ ಒಂದೊಂದಾಗಿ ಗುರುತುಗಳನ್ನು ಮೂಡಿಸಿ 'ಇಲ್ಲಿ ಮುಟ್ಟಿರಿ' ಎಂದು ಕೇಳುತ್ತಿದ್ದುವು. ಮೂರು ಬಿಂದುಗಳು ದೊರೆತರೆ ಆರು ಸ್ಥಿರಾಂಕಗಳನ್ನು ಲೆಕ್ಕಹಾಕಬಹುದು. ಆ ಆರು ಅಂಕಿಗಳಿಂದ ಓರೆ, ಹಿಗ್ಗು, ಪಲ್ಲಟಗಳೆಲ್ಲವೂ ಸರಿಹೋಗುವುವು. ಹೊಸ ಫರ್ಮ್‌ವೇರನ್ನು ತುಂಬುವಾಗ ಈ ಆರು ಅಂಕಿಗಳು ಅಳಿಸಿಹೋದರೆ ಏನಾಗುವುದೆಂದು ಓದುಗರು ಊಹಿಸಬಹುದು. 'ಕ' ಮುಟ್ಟಿದರೆ 'ಗ' ಮೂಡುವುದು. ಇಂಥ ಸಂದರ್ಭದಲ್ಲಿ ಸೂಕ್ಷ್ಮತೆ ಕಡಮೆಯಾಗಿಲ್ಲ; ಬೆರಳಿನ ಸ್ಥಾನ ಮಾತ್ರ ಪಕ್ಕಕ್ಕೆ ಸರಿದಿದೆ. ಬಳಸುವವನಿಗಾದರೋ ಎರಡೂ ಒಂದೇ ರೀತಿ ಕಾಣಿಸುವುವು.

ಒತ್ತಡದ ಮಾತು ಬೇರೆ. ಬೆರಳು ಹಗುರವಾಗಿ ಸೋಕಿದಾಗ ಪದರಗಳ ನಡುವಣ ರೋಧ ಹೆಚ್ಚಾಗಿರುವುದಲ್ಲದೆ ಕ್ಷಣಕ್ಷಣಕ್ಕೂ ಹೊಯ್ದಾಡುವುದು. ಬಲವಾಗಿ ಒತ್ತಿದಾಗ ರೋಧ ಇಳಿದು ನೆಲೆಗೊಳ್ಳುವುದು. ಹೊಯ್ದಾಡುವ ಅಂಕಿಯನ್ನು ನಂಬಿದರೆ ನಕ್ಷೆ ಕುಣಿಯತೊಡಗುವುದು. ಆದುದರಿಂದ ರೋಧ ಇಂತಿಷ್ಟಕ್ಕಿಂತ ಕಡಮೆಯಾಗುವವರೆಗೆ ಸ್ಪರ್ಶವೆಂದು ಎಣಿಸಬೇಡವೆಂದು ಪ್ರೋಗ್ರಾಮಿನಲ್ಲಿ ಒಂದು ಮಿತಿಯನ್ನು ಬರೆದಿರುತ್ತಾರೆ. ಆ ಮಿತಿಯನ್ನು ತುಸು ಬಿಗಿಮಾಡಿದರೆ ಸಾಕು, ನಿನ್ನೆಯ ಮೆದುಸ್ಪರ್ಶ ಇಂದು ನಡೆಯದು.

ಇನ್ನು ಇತ್ತೀಚಿನ ಯಂತ್ರಗಳಿಗೂ ನಮ್ಮ ಕೈಯ ಫೋನುಗಳಿಗೂ ಬರೋಣ. ಇವುಗಳಲ್ಲಿರುವುದು ಧಾರಕ ಪರದೆ. ಹೊಸದೆಂದು ತೋರಿದರೂ ವಿಚಾರ ಹಳೆಯದು. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸಂಸ್ಥೆಯ ಇ. ಎ. ಜಾನ್ಸನ್ ಅವರು ೧೯೬೫ರಲ್ಲಿಯೇ ಇದನ್ನು ಪ್ರಕಟಿಸಿದ್ದರು. ಆಕಾಶದಲ್ಲಿ ವಿಮಾನಗಳ ಸಂಚಾರವನ್ನು ನಿಯಂತ್ರಿಸುವವರಿಗೆ ನೆರವಾಗಲೆಂಬುದು ಅವರ ಉದ್ದೇಶವಾಗಿತ್ತು. ಸ್ಪರ್ಶಪರದೆ ರೇಡಾರ್ ಸಂಸ್ಥೆಯಲ್ಲಿ ಹುಟ್ಟಿತೆಂಬುದು ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಗದ್ದಲದ ನಡುವೆ ಮಿನುಗಿದ ಚುಕ್ಕೆ ವಿಮಾನವೋ ಅಲ್ಲವೋ ಎಂಬ ರೇಡಾರಿನ ಪ್ರಶ್ನೆಗೂ, ಈ ಅಂಕಿ ಬೆರಳೋ ಅಲ್ಲವೋ ಎಂಬ ಪರದೆಯ ಪ್ರಶ್ನೆಗೂ ಹೆಚ್ಚಿನ ಅಂತರವಿಲ್ಲ.

ಧಾರಕ ಪರದೆಯ ಗಾಜಿನಡಿ ಅಡ್ಡಡ್ಡವಾಗಿಯೂ ಉದ್ದುದ್ದವಾಗಿಯೂ ಪಾರದರ್ಶಕ ವಾಹಕಗಳ ಸಾಲುಗಳಿವೆ. ಅಡ್ಡಸಾಲು ಉದ್ದಸಾಲನ್ನು ದಾಟುವ ಪ್ರತಿಯೊಂದೆಡೆಯೂ ಒಂದು ಪುಟ್ಟ ಧಾರಕ. ಅದರ ಧಾರಕತೆ ಕೆಲವೇ ಪಿಕೊಫ್ಯಾರಡ್. ಪಿಕೊಫ್ಯಾರಡ್ ಎಂದರೆ ಫ್ಯಾರಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ನಮ್ಮ ದೇಹ ಉಪ್ಪುನೀರಿನ ಚೀಲವಾದುದರಿಂದ ಒಳ್ಳೆಯ ವಾಹಕ. ಬೆರಳು ಹತ್ತಿರ ಬಂದಾಗ ವಿದ್ಯುತ್ ಕ್ಷೇತ್ರದ ಒಂದಂಶವನ್ನು ತನ್ನೆಡೆಗೆ ಸೆಳೆದುಕೊಳ್ಳುವುದು. ಸಾಲುಗಳ ನಡುವಣ ಧಾರಕತೆ ಅಷ್ಟರಮಟ್ಟಿಗೆ ಇಳಿಯುವುದು. ಪರದೆಯ ಎಲ್ಲ ಸಂಧಿಗಳನ್ನೂ ಸೆಕೆಂಡಿಗೆ ಹತ್ತಾರು ಬಾರಿ, ಕೆಲವು ಯಂತ್ರಗಳಲ್ಲಿ ನೂರಕ್ಕೂ ಹೆಚ್ಚು ಬಾರಿ, ಅಳೆಯಲಾಗುತ್ತದೆ.

ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಯಾರೂ ಮುಟ್ಟದಿರುವಾಗ ಒಂದು ಸಂಧಿಯ ಅಳತೆ ೧೦೦೦ ಎಂದಿರಲಿ. ಸುಮ್ಮನಿದ್ದರೂ ಅದು ೮ರಷ್ಟು ಅತ್ತಿತ್ತ ತೂಗುತ್ತದೆ; ಇದೇ ಗದ್ದಲ. ಬರಿಯ ಬೆರಳು ೧೨೦ರಷ್ಟು ಇಳಿಸುವುದು, ಮಗುವಿನ ಪುಟ್ಟ ಬೆರಳು ೭೦, ಉಣ್ಣೆಯ ಕೈಗವಸು ತೊಟ್ಟ ಬೆರಳು ೩೦, ಗಾಜಿನ ಮೇಲಿನ ನೀರಿನ ಪಸೆ ೩೫. ಈಗ ಹೊಸ್ತಿಲನ್ನು ಎಲ್ಲಿ ಕಟ್ಟಬೇಕು? ೬೦ಕ್ಕೆ ಕಟ್ಟಿದರೆ ದೊಡ್ಡವರೂ ಮಕ್ಕಳೂ ಒಳಗೆ ಬರುವರು, ಕೈಗವಸಿನವರು ಹೊರಗುಳಿಯುವರು. ೨೦ಕ್ಕೆ ಇಳಿಸಿದರೆ ಕೈಗವಸಿನವರೊಡನೆ ನೀರೂ ಒಳಗೆ ಬರುವುದು. ೧೦೦ಕ್ಕೆ ಏರಿಸಿದರೆ ನೀರಿನ ಕಾಟವಿಲ್ಲ; ಆದರೆ ಬೆರಳನ್ನು ಚೆನ್ನಾಗಿ ಅಗಲಿಸಿ ಒತ್ತಬೇಕಾಗುವುದು.

ಜೋಳದ ಹೊಲದ ಕಾವಲುಗಾರನ ಪಾಡು ಇದು. ಎಲೆ ಅಲುಗಿದ್ದಕ್ಕೆಲ್ಲ ಕೂಗು ಹಾಕಿದರೆ ಊರವರ ನಿದ್ದೆ ಕೆಡುವುದು. ಹಂದಿ ಕಣ್ಣಿಗೆ ಬಿದ್ದ ಮೇಲೆಯೇ ಕೂಗುವೆನೆಂದರೆ ಪೈರು ಹೋಗುವುದು. ಎರಡು ಬಗೆಯ ತಪ್ಪುಗಳಲ್ಲಿ ಒಂದನ್ನು ಕಡಮೆ ಮಾಡಿದರೆ ಇನ್ನೊಂದು ಏರುವುದು. ಹೊಸ್ತಿಲನ್ನು ಸರಿಸುವುದರಿಂದ ಎರಡನ್ನೂ ಒಟ್ಟಿಗೆ ಇಳಿಸಲಾಗದು. ಅದಕ್ಕೆ ಗದ್ದಲವೇ ಇಳಿಯಬೇಕು.

ವಿದ್ಯಾರ್ಥಿಗಳು ಈ ಹೊಸ್ತಿಲನ್ನು ಮನೆಯಲ್ಲಿಯೇ ಅಳೆದು ನೋಡಬಹುದು. ಒಂದು ತೆಳುವಾದ ಹತ್ತಿಯ ಕರವಸ್ತ್ರವನ್ನು ಫೋನಿನ ಪರದೆಯ ಮೇಲೆ ಹಾಸಿ ಬೆರಳಾಡಿಸಿರಿ. ಸಾಮಾನ್ಯವಾಗಿ ಪರದೆ ಓಗೊಡುವುದು. ಎರಡು ಮಡಿಕೆ, ಮೂರು ಮಡಿಕೆ, ನಾಲ್ಕು ಮಡಿಕೆ ಎಂದು ಹೆಚ್ಚಿಸುತ್ತ ಹೋಗಿರಿ. ಒಂದು ಹಂತದಲ್ಲಿ ಅದು ಥಟ್ಟನೆ ನಿಲ್ಲುವುದು. ಬೆರಳಿನ ಪ್ರಭಾವ ಮೆಲ್ಲಮೆಲ್ಲನೆ ಕುಂದಿದರೂ ಪರದೆಯ ಉತ್ತರ ಮಾತ್ರ ಹೀಗೆ ಒಮ್ಮೆಗೇ ನಿಲ್ಲುವುದಕ್ಕೆ ಕಾರಣ ಹೊಸ್ತಿಲೇ. ಕೆಲವು ಫೋನುಗಳಲ್ಲಿ ಸ್ಪರ್ಶದ ಸೂಕ್ಷ್ಮತೆಯನ್ನು ಹೆಚ್ಚಿಸುವ ಆಯ್ಕೆಯೊಂದುಂಟು. ಅದನ್ನು ಹಾಕಿ ಮತ್ತೆ ಎಣಿಸಿದರೆ ಮಡಿಕೆಗಳ ಸಂಖ್ಯೆ ಹೆಚ್ಚುವುದನ್ನು ಕಾಣಬಹುದು. ಗಾಜು ಅದೇ, ವಸ್ತ್ರ ಅದೇ; ಬದಲಾದುದು ಒಂದೆರಡು ಅಂಕಿಗಳು.

ಕಾರಿನೊಳಗೆ ಈ ಕೆಲಸ ಫೋನಿಗಿಂತ ಕಷ್ಟ. ಮೇಲಿನ ಲೆಕ್ಕದಲ್ಲಿ ಮುಟ್ಟದಿರುವಾಗಿನ ಅಳತೆ ೧೦೦೦ ಎಂದೆವಷ್ಟೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಕಾದ ಪರದೆಯಲ್ಲಿ ಅದು ೧೦೪೦ ಆಗಬಹುದು. ಹವಾನಿಯಂತ್ರಕದ ಗಾಳಿ ಬೀಸಿದೊಡನೆ ಮತ್ತೆ ಇಳಿಯಬಹುದು. ಆದ್ದರಿಂದ ಪ್ರೋಗ್ರಾಂ ಈ ತಳಮಟ್ಟವನ್ನು ಸದಾ ಹಿಂಬಾಲಿಸುತ್ತಿರಬೇಕು. ಹಿಂಬಾಲಿಸುವ ವೇಗ ಹೆಚ್ಚಾದರೆ, ಸ್ವಲ್ಪ ಹೊತ್ತು ಇಟ್ಟ ಬೆರಳನ್ನೇ ತಳಮಟ್ಟವೆಂದು ಬಗೆದು ಮರೆತುಬಿಡುವುದು. ವೇಗ ಕಡಮೆಯಾದರೆ, ತಂಪಾಗುವ ಗಾಜನ್ನೇ ಬೆರಳೆಂದು ಭ್ರಮಿಸುವುದು. ಇದರ ಮೇಲೆ, ಸಿಗರೇಟು ಹೊತ್ತಿಸುವ ಕುಳಿಯಲ್ಲಿ ಸಿಕ್ಕಿಸುವ ಅಗ್ಗದ ಚಾರ್ಜರುಗಳು ಸೆಕೆಂಡಿಗೆ ಸಾವಿರ, ಲಕ್ಷಗಟ್ಟಲೆ ಬಾರಿ ವಿದ್ಯುತ್ತನ್ನು ತೆರೆದು ಮುಚ್ಚುತ್ತ ತಮ್ಮ ಗದ್ದಲವನ್ನೂ ಸೇರಿಸುತ್ತವೆ.

ಇಷ್ಟೆಲ್ಲವನ್ನೂ ಸಂಭಾಳಿಸುವ ಅಂಕಿಗಳು ಪರದೆಯ ನಿಯಂತ್ರಕ ಚಿಪ್‌ನ ಸ್ವಂತ ಪ್ರೋಗ್ರಾಮಿನಲ್ಲಿ ಇರುತ್ತವೆ. ನಕ್ಷೆಯ ಪ್ರೋಗ್ರಾಮಿನೊಡನೆ ಇದನ್ನೂ ಹೊಸದಾಗಿ ಕಳುಹಿಸುವುದುಂಟು. ತಾನಾಗಿ ಒತ್ತಿಕೊಳ್ಳುತ್ತದೆಂಬ ದೂರುಗಳು ಬಂದಾಗ ತಯಾರಕರು ಹೊಸ್ತಿಲನ್ನು ಏರಿಸುವುದು ಸಹಜ. ಆಗ ಹಿಂದೆ ಏನೂ ತೊಂದರೆಯಿಲ್ಲದಿದ್ದವರು ದೂರತೊಡಗುವರು. ಒಂದೇ ಮಾದರಿಯ ಯಂತ್ರದಲ್ಲಿ ಬೇರೆ ಬೇರೆ ಕಾರ್ಖಾನೆಗಳ ಗಾಜುಗಳು ಸೇರಿರಬಹುದೆಂಬುದನ್ನೂ ನೆನೆಯಬೇಕು. ಒಂದಕ್ಕೆ ಹದವಾದ ಅಂಕಿ ಇನ್ನೊಂದಕ್ಕೆ ಹೊಂದದು.

ಪ್ರೋಗ್ರಾಂ ಬದಲಾದುದರಿಂದಲೇ ಪರದೆ ಸ್ಪರ್ಶವನ್ನು ಕಳೆದುಕೊಳ್ಳಬಹುದೆಂಬುದಕ್ಕೆ ಫೋನಿನ ಪ್ರಪಂಚದಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. ೨೦೧೮ರ ಮಾರ್ಚ್ ಕೊನೆಯಲ್ಲಿ ಆಪಲ್ ಸಂಸ್ಥೆ ತನ್ನ ಐಫೋನುಗಳಿಗೆ ೧೧.೩ನೆಯ ಆವೃತ್ತಿಯನ್ನು ಹೊರತಂದಿತು. ಒಡೆದ ಪರದೆಯ ಬದಲಿಗೆ ಹೊರಗಿನ ತಯಾರಿಕೆಯ ಪರದೆಯನ್ನು ಹಾಕಿಸಿಕೊಂಡಿದ್ದ ಕೆಲವು ಐಫೋನ್ ೮ಗಳಲ್ಲಿ ಆ ಬಳಿಕ ಚಿತ್ರ ಕಾಣುತ್ತಿತ್ತು, ಸ್ಪರ್ಶ ಮಾತ್ರ ಇಲ್ಲವಾಯಿತು. ಏಪ್ರಿಲ್‌ನಲ್ಲಿ ಬಂದ ೧೧.೩.೧ನೆಯ ಆವೃತ್ತಿ ಅದನ್ನು ಮರಳಿ ತಂದಿತು. ಒಂದು ಮೊಳೆಯನ್ನೂ ಬಿಚ್ಚಬೇಕಾಗಲಿಲ್ಲ.

ಫೋನಿನಲ್ಲಿ ಇದು ಬೇಸರದ ಸಂಗತಿ, ರಸ್ತೆಯಲ್ಲಿ ಹಾಗಲ್ಲ. ಗಂಟೆಗೆ ೬೦ ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು ೧೭ ಮೀಟರ್ ಸಾಗುತ್ತದೆ. ಅಮೆರಿಕದ ರಸ್ತೆ ಸುರಕ್ಷಾ ಇಲಾಖೆ ೨೦೧೩ರಲ್ಲಿ ನೀಡಿದ ಮಾರ್ಗಸೂತ್ರದ ಪ್ರಕಾರ, ಕಾರಿನ ಯಂತ್ರದಲ್ಲಿ ಯಾವ ಕೆಲಸಕ್ಕೂ ಚಾಲಕನ ನೋಟ ಒಮ್ಮೆಗೆ ೨ ಸೆಕೆಂಡಿಗಿಂತಲೂ, ಒಟ್ಟಾರೆ ೧೨ ಸೆಕೆಂಡಿಗಿಂತಲೂ ಹೆಚ್ಚು ಕಾಲ ರಸ್ತೆಯಿಂದ ಸರಿಯಬಾರದು. ೨ ಸೆಕೆಂಡೆಂದರೆ ೩೩ ಮೀಟರ್ ದೂರ ಕಾಣದ ಓಟ. ಗುಂಡಿಯಾಗಿದ್ದರೆ ಒತ್ತಿದ್ದು ಬೆರಳಿಗೇ ತಿಳಿಯುತ್ತಿತ್ತು. ಗಾಜಿನಲ್ಲಿ ಫಲಿಸಿತೋ ಇಲ್ಲವೋ ಎಂಬುದನ್ನು ಕಣ್ಣೇ ನೋಡಬೇಕು. ಒಂದು ಸ್ಪರ್ಶ ವ್ಯರ್ಥವಾದರೆ ನೋಟ ಎರಡಾಗುವುದು, ಮೂರಾಗುವುದು. ಹೀಗಿದ್ದೂ ಕಾರಿನ ಸ್ಪರ್ಶದ ಹೊಸ್ತಿಲನ್ನು ಮಾಲೀಕನಿಗೆ ತಿಳಿಸದೆ ಸರಿಸುವುದು, ಹಳೆಯ ಆವೃತ್ತಿಗೆ ಹಿಂತಿರುಗುವ ದಾರಿಯನ್ನೂ ಕೊಡದಿರುವುದು ನಮಗೆ ಸರಿಯೆನಿಸದು. ಫೋನಿನಲ್ಲಿರುವ ಸೂಕ್ಷ್ಮತೆಯ ಆಯ್ಕೆಯನ್ನು ಕಾರಿನಲ್ಲಿಯೂ ಇಡಲು ತೊಡಕೇನೂ ಕಾಣದು.

ಇಂಥ ತೊಂದರೆ ಕಂಡವರು ಕಾರನ್ನು ನಿಲ್ಲಿಸಿ ಕೆಲವು ಪರೀಕ್ಷೆಗಳನ್ನು ಮಾಡಬಹುದು. ಪರದೆಯನ್ನು ಒಣಬಟ್ಟೆಯಿಂದ ಒರಸಿ, ಏನೂ ತಾಗಿರದಂತೆ ನೋಡಿಕೊಂಡು, ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹೊತ್ತಿಸಿದರೆ ತಳಮಟ್ಟ ಹೊಸದಾಗಿ ನಿಲ್ಲುವುದು. ಚಾರ್ಜರನ್ನು ಕಿತ್ತೊಡನೆ ಪರದೆ ನೆಟ್ಟಗಾದರೆ ಕಾರಣ ಫರ್ಮ್‌ವೇರ್ ಅಲ್ಲ, ಚಾರ್ಜರು. ಮುಟ್ಟಿದೆಡೆಯಿಂದ ಯಾವಾಗಲೂ ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಗುರಿ ತಪ್ಪುತ್ತಿದ್ದರೆ ಸ್ಥಿರಾಂಕಗಳು ಕೆಟ್ಟಿವೆ. ಮೇಲಿಗೆ ಅಂಟಿಸಿದ ರಕ್ಷಣಾ ಹಾಳೆಯನ್ನು ತೆಗೆದಾಗ ಸರಿಹೋದರೆ, ಹೊಸ ಹೊಸ್ತಿಲಿಗೆ ಆ ಹಾಳೆಯ ದಪ್ಪವೇ ಹೆಚ್ಚಾಗಿದೆ ಎಂದರ್ಥ.

ಬೆರಳಿನ ವಾಹಕತೆಯನ್ನೇ ನೆಚ್ಚದ ಮೂರನೆಯ ಬಗೆಯ ಪರದೆಯೂ ಉಂಟು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೊ ೪ ಎಂಬ ಬೋಧನಾ ಯಂತ್ರದಲ್ಲಿ ೧೯೭೨ರಲ್ಲಿ ಅದು ಬಳಕೆಗೆ ಬಂದಿತು. ಪರದೆಯ ಮುಂದೆ ಅಡ್ಡಕ್ಕೆ ೧೬, ಉದ್ದಕ್ಕೆ ೧೬ ಅವಗೆಂಪು ಕಿರಣಗಳು ಹಾಯುತ್ತಿದ್ದುವು. ಬೆರಳಾಗಲಿ ಪೆನ್ಸಿಲ್ಲಾಗಲಿ ಅಡ್ಡಬಂದ ಕಿರಣಗಳಿಂದ ಸ್ಥಾನ ತಿಳಿಯುತ್ತಿತ್ತು. ಕೈಗವಸಿನ ಚಿಂತೆ ಅಲ್ಲಿಲ್ಲ. ಧೂಳು ಕುಳಿತು ಕಿರಣ ಮಸಕಾದಾಗ ಮಾತ್ರ, ಎಷ್ಟು ಮಸಕಾದರೆ ಅದನ್ನು ಬೆರಳೆನ್ನಬೇಕೆಂದು ಅಲ್ಲಿಯೂ ಒಂದು ಅಂಕಿಯನ್ನು ಯಾರಾದರೂ ಗೊತ್ತುಮಾಡಲೇಬೇಕು.