ಕಾರಿನ ಬೆನ್ನ ಮೇಲಿನ ಅಕ್ಷರಗಳಿಗೆ ಎಷ್ಟು ಬೆಲೆ?

ಲಿಂಗರಾಜಪುರ ಫ್ಲೈಓವರ್ ಮೇಲೆ ಟ್ರಾಫಿಕ್ ನಿಂತರೆ ಮುಂದಿನ ಕಾರಿನ ಬೆನ್ನು ಓದೋದು ಬಿಟ್ಟು ಬೇರೆ ಕೆಲಸ ಇರಲ್ಲ. ಜಿಟಿ, ಆರ್‌ಎಸ್, ಎಎಂಜಿ... ಏನಿವು?

ಜಿಟಿ ಅಂದರೆ ಇಟಾಲಿಯನ್ ಭಾಷೆಯ 'ಗ್ರಾನ್ ಟುರಿಸ್ಮೊ': ದೂರದೂರಿಗೆ ವೇಗವಾಗಿ, ಆರಾಮಾಗಿ ಹೋಗುವ ಕಾರು. ಜೊತೆಗೆ 'ಒ' ಸೇರಿದರೆ 'ಒಮೊಲೊಗಾಟೊ', ಅಂದರೆ ರೇಸಿಗೆ ಮಾನ್ಯತೆ ಪಡೆದದ್ದು. 1962ರ ಫೆರಾರಿ 250 ಜಿಟಿಒ ಹೆಸರು ಹೀಗೆ ಬಂತು. 1976ರ ಗಾಲ್ಫ್ ಜಿಟಿಐನಲ್ಲಿ 'ಐ' ಅಂದರೆ ಇಂಜೆಕ್ಷನ್. ಕಾರ್ಬ್ಯುರೇಟರ್ ಬದಲು ಇಂಧನವನ್ನು ಅಳತೆ ಮಾಡಿ ಚಿಮ್ಮಿಸುವ ವ್ಯವಸ್ಥೆ. ಪೋರ್ಷೆಯ ಆರ್‌ಎಸ್ ಜರ್ಮನ್ನಿನ 'ರೆನ್‌ಸ್ಪೋರ್ಟ್', ಅಂದರೆ ರೇಸಿಂಗ್. ಎಎಂಜಿಯಲ್ಲಿ ಇರೋದು ಆಫ್ರೆಕ್ಟ್, ಮೆಲ್ಶರ್ ಎಂಬ ಇಬ್ಬರು ಎಂಜಿನಿಯರ್‌ಗಳು, ಗ್ರೋಸಾಸ್ಪಾಕ್ ಎಂಬ ಊರು.

ಸ್ಪೋರ್ಟ್ಸ್ ಕಾರಲ್ಲದಿದ್ದರೂ 2001ರಲ್ಲಿ ರಸ್ತೆಗಿಳಿದ ನಮ್ಮ ಬೆಂಗಳೂರಿನ 'ರೇವಾ' ಕೂಡ ಅಕ್ಷರ ಜೋಡಿಸಿದ ಹೆಸರೇ: ರೆವಲ್ಯೂಷನರಿ ಎಲೆಕ್ಟ್ರಿಕ್ ವೆಹಿಕಲ್ ಆಲ್ಟರ್ನೇಟಿವ್.

ಅಂದರೆ ಅಕ್ಷರದ ಹಿಂದೆ ಒಂದು ಎಂಜಿನಿಯರಿಂಗ್ ಕೆಲಸ ಇರಬೇಕಿತ್ತು. ಈಗ ಅದೇ ಬ್ಯಾಡ್ಜ್ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸಿಗುತ್ತೆ, ಯಾವ ಕಾರಿಗೂ ಅಂಟುತ್ತೆ. ಬ್ರೇಕು, ಸಸ್ಪೆನ್ಷನ್ ಮಾತ್ರ ಹಳೇದೇ. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಬ್ಯಾಡ್ಜ್ ನೋಡಿ ದುಡ್ಡು ಹೆಚ್ಚು ಕೊಡಬೇಡಿ. ಆರ್‌ಸಿಯಲ್ಲಿ ಯಾವ ಮಾಡೆಲ್ ಅಂತಿದೆ ನೋಡಿ.