ವಿದೇಶದ ಬೀದಿಯಲ್ಲಿ ಕಳ್ಳತನ: ಬಜಪೆಯಿಂದ ಹೊರಡುವ ಮುನ್ನ ಬಿಡಬೇಕಾದ ಕೆಲವು ನಂಬಿಕೆಗಳು

ಬಜಪೆ ವಿಮಾನ ನಿಲ್ದಾಣದ ಹೊರಗೆ ಬೀಳ್ಕೊಡಲು ಬಂದವರ ಬಾಯಲ್ಲಿ ಕೇಳುವ ಸಲಹೆಗಳು ಹೆಚ್ಚುಕಮ್ಮಿ ಒಂದೇ. ಪಾಸ್‌ಪೋರ್ಟನ್ನು ಒಂದು ಕ್ಷಣವೂ ಕೈಬಿಡಬೇಡಿ. ದುಡ್ಡು, ಕಾರ್ಡು ಎಲ್ಲ ಒಂದೇ ಕಡೆ ಭದ್ರವಾಗಿರಲಿ. ಕರಿಮಣಿ ತೆಗೆಯಬೇಡಿ, ಸೆರಗಿನ ಒಳಗಿದ್ದರೆ ಸಾಕು. ಕಳ್ಳರ ಹಾಗೆ ಕಾಣುವವರಿಂದ ದೂರ ಇರಿ. ಮಗಳ ಬಾಣಂತನಕ್ಕೆಂದು ಮೊದಲ ಸಲ ದೇಶ ಬಿಟ್ಟು ಹೊರಟ ಅಮ್ಮ ಎಲ್ಲದಕ್ಕೂ ತಲೆಯಾಡಿಸಿ ಒಳಗೆ ಹೋಗುತ್ತಾರೆ. ಪ್ರೀತಿಯಿಂದ ಹೇಳಿದ ಮಾತುಗಳೇ. ಆದರೆ ಈ ನಾಲ್ಕರಲ್ಲಿ ಒಂದೂ ಪೂರ್ತಿ ಸರಿಯಿಲ್ಲ.

ಇದಕ್ಕೆ ನಮ್ಮ ಊರಿನದ್ದೇ ಆದ ಒಂದು ಕಾರಣವೂ ಇದೆ. ಬಜಪೆಯವರಿಗೆ ವಿದೇಶವೆಂದರೆ ಬಹಳ ಕಾಲದಿಂದ ಗಲ್ಫ್. 2006ರಲ್ಲಿ ಇಲ್ಲಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಈಗಲೂ ಇಲ್ಲಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಗಳು ಹೆಚ್ಚಾಗಿ ಗಲ್ಫ್ ಕಡೆಯವೇ. ದುಬೈಯ ಫುಡ್ ಕೋರ್ಟಿನಲ್ಲಿ ಜಾಗ ಹಿಡಿಯಲು ಮೇಜಿನ ಮೇಲೆ ಮೊಬೈಲ್ ಇಟ್ಟು ಊಟ ತರಲು ಹೋಗುವವರಿದ್ದಾರೆ, ವಾಪಸ್ ಬಂದಾಗ ಮೊಬೈಲ್ ಅಲ್ಲೇ ಇರುತ್ತದೆ. ಹತ್ತಿಪ್ಪತ್ತು ವರ್ಷ ಹೀಗೆ ಬದುಕಿದವರ ಕೈಗೆ ಆ ಅಭ್ಯಾಸ ಅಂಟಿಕೊಂಡಿರುತ್ತದೆ. ಅದೇ ಕೈ ಬಾರ್ಸಿಲೋನಾದ ಲಾ ರಾಂಬ್ಲಾ ಬೀದಿಯ ಹೋಟೆಲಿನಲ್ಲಿ ಮೇಜಿನ ಮೇಲೆ ಮೊಬೈಲ್ ಇಟ್ಟರೆ ಕಾಫಿ ತಣಿಯುವ ಮೊದಲೇ ಅದು ಹೋಗಿರಬಹುದು. ಹಾಗೆಂದು ಯುರೋಪಿನ ನಗರಗಳು ಗಂಡಾಂತರದ ಜಾಗಗಳು ಎಂದಲ್ಲ. ಅಲ್ಲಿ ಪ್ರವಾಸಿಗೆ ಎದುರಾಗುವ ಅಪರಾಧ ಹೆಚ್ಚಾಗಿ ಚೂರಿಯದ್ದಲ್ಲ, ಬೆರಳಿನದ್ದು. ಹಾಗಾಗಿ ಅದಕ್ಕೆ ಬೇಕಾದ ಎಚ್ಚರವೂ ಬೇರೆ ತರಹದ್ದು.

ಕಿಸೆಗೆ ಕೈ ಹಾಕುವ ಮೊದಲು

"ನನ್ನ ಕಿಸೆಗೆ ಕೈ ಹಾಕಿದರೆ ನನಗೆ ಗೊತ್ತಾಗುವುದಿಲ್ಲವೇ?" ಎಂದು ಕೇಳುವವರು ಬಹಳ. ಗೊತ್ತಾಗುವುದಿಲ್ಲ ಎನ್ನಲು ಒಳ್ಳೆಯ ಕಾರಣಗಳಿವೆ.

1998ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಡೇನಿಯಲ್ ಲೆವಿನ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ವಿಶ್ವವಿದ್ಯಾಲಯದ ಆವರಣದಲ್ಲಿ ಒಬ್ಬ ಅಪರಿಚಿತ ನಕ್ಷೆ ಹಿಡಿದು ದಾರಿಹೋಕರ ಬಳಿ ದಾರಿ ಕೇಳುತ್ತಾನೆ. ಮಾತು ನಡೆಯುತ್ತಿರುವಾಗ ಇಬ್ಬರು ಒಂದು ದೊಡ್ಡ ಬಾಗಿಲನ್ನು ಹೊತ್ತುಕೊಂಡು ಇವರಿಬ್ಬರ ನಡುವೆಯೇ ಹಾದುಹೋಗುತ್ತಾರೆ. ಆ ಒಂದೆರಡು ಸೆಕೆಂಡಿನಲ್ಲಿ ದಾರಿ ಕೇಳುತ್ತಿದ್ದವನು ಬಾಗಿಲಿನ ಮರೆಯಲ್ಲಿ ಹೋಗಿ, ಬೇರೊಬ್ಬ ಅವನ ಜಾಗದಲ್ಲಿ ನಿಂತಿರುತ್ತಾನೆ. ಎತ್ತರ ಬೇರೆ, ಬಟ್ಟೆ ಬೇರೆ, ದನಿ ಬೇರೆ. 15 ಮಂದಿಯಲ್ಲಿ ಇದನ್ನು ಗಮನಿಸಿದವರು 7 ಮಂದಿ ಮಾತ್ರ. ಉಳಿದ 8 ಮಂದಿ ಹೊಸಬನಿಗೆ ದಾರಿ ಹೇಳುವುದನ್ನು ಮುಂದುವರಿಸಿದರು. ಎದುರಿಗಿದ್ದ ಮನುಷ್ಯನೇ ಬದಲಾದದ್ದು ಗೊತ್ತಾಗದವರಿಗೆ ಬೆನ್ನ ಹಿಂದಿನ ಬ್ಯಾಗಿನ ಜಿಪ್ ಸರಿದದ್ದು ಗೊತ್ತಾಗುವುದು ಹೇಗೆ? ನಮ್ಮ ಗಮನ ಟಾರ್ಚ್ ಬೆಳಕಿನ ಹಾಗೆ. ಬಿದ್ದಲ್ಲಿ ಮಾತ್ರ ಬೆಳಕು, ಪಕ್ಕದಲ್ಲಿ ಕತ್ತಲು. ಕಳ್ಳ ಮಾಡುವುದು ಇಷ್ಟೇ, ಆ ಟಾರ್ಚನ್ನು ಬೇರೆ ಕಡೆಗೆ ತಿರುಗಿಸುತ್ತಾನೆ.

ಚರ್ಮದ ಕಥೆಯೂ ಇದೇ. ಬೆಳಿಗ್ಗೆ ಕೈಗಡಿಯಾರ ಕಟ್ಟಿದ ಸ್ವಲ್ಪ ಹೊತ್ತಿಗೆ ಅದು ಕೈಯಲ್ಲಿದೆ ಎಂಬುದೇ ಮರೆತುಹೋಗುತ್ತದೆ, ಏಕೆಂದರೆ ಬದಲಾಗದ ಸ್ಪರ್ಶವನ್ನು ನರಗಳು ವರದಿ ಮಾಡುವುದನ್ನು ಕಡಿಮೆ ಮಾಡುತ್ತವೆ. ಮೇಲಿಂದ, ಒಂದು ಕಡೆ ಜೋರಾಗಿ ಒತ್ತಿದಾಗ ಇನ್ನೊಂದು ಕಡೆಯ ಹಗುರ ಸ್ಪರ್ಶ ಅದರಲ್ಲಿ ಮುಚ್ಚಿಹೋಗುತ್ತದೆ. ಮೆಟ್ರೊ ಬಾಗಿಲಲ್ಲಿ ಭುಜಕ್ಕೆ ಯಾರೋ ಢಿಕ್ಕಿ ಹೊಡೆದು "ಸಾರಿ" ಎಂದಾಗ ನಮಗೆ ಭುಜ ಮಾತ್ರ ಗೊತ್ತಾಗುತ್ತದೆ, ಕಿಸೆ ಗೊತ್ತಾಗುವುದಿಲ್ಲ.

ಪ್ಯಾರಿಸ್, ರೋಮ್, ಬಾರ್ಸಿಲೋನಾಗಳಲ್ಲಿ ವರ್ಷಗಳಿಂದ ನಡೆಯುತ್ತಿರುವ ತಂತ್ರಗಳೆಲ್ಲ ಈ ಎರಡು ಸಂಗತಿಗಳ ಮೇಲೆ ನಿಂತಿವೆ. ಕಿವುಡ ಮಕ್ಕಳ ಹೆಸರಿನಲ್ಲಿ ಮನವಿಪತ್ರಕ್ಕೆ ಸಹಿ ಕೇಳುತ್ತಾರೆ, ರಟ್ಟಿನ ಅಡಿಯಲ್ಲಿ ಇನ್ನೊಂದು ಕೈ ಕೆಲಸ ಮಾಡುತ್ತಿರುತ್ತದೆ. ಪ್ಯಾರಿಸಿನ ಸಾಕ್ರೆ ಕೇರ್ ಚರ್ಚಿನ ಮೆಟ್ಟಿಲ ಬಳಿ ಕೈಗೆ ಬಣ್ಣದ ದಾರ ಕಟ್ಟುತ್ತಾರೆ. ದೇವಸ್ಥಾನದಲ್ಲಿ ಕೈಗೆ ದಾರ ಕಟ್ಟಿಸಿಕೊಂಡು ಅಭ್ಯಾಸವಿರುವ ನಮ್ಮವರು ಕೈ ಚಾಚಿಯೇ ಬಿಡುತ್ತಾರೆ. ಬೆನ್ನಿನ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಎಂದು ತೋರಿಸಿ ಒರೆಸಲು ಬರುವವರು, ಎಸ್ಕಲೇಟರಿನ ತುದಿಯಲ್ಲಿ ತಟ್ಟನೆ ನಿಂತುಬಿಡುವವರು ಎಲ್ಲರದ್ದೂ ಅದೇ ಲೆಕ್ಕ. "ಕಿಸೆಗಳ್ಳರಿದ್ದಾರೆ ಎಚ್ಚರ" ಎಂಬ ಬೋರ್ಡು ಕೂಡ ಕಳ್ಳನಿಗೆ ಉಪಯೋಗಕ್ಕೆ ಬರುತ್ತದೆ. ಓದಿದ ಕೂಡಲೇ ಜನರ ಕೈ ಪರ್ಸ್ ಇರುವ ಜಾಗವನ್ನು ಮುಟ್ಟಿ ನೋಡುತ್ತದೆ, ಪಕ್ಕದಲ್ಲಿ ನಿಂತವನಿಗೆ ಹುಡುಕುವ ಕೆಲಸ ತಪ್ಪುತ್ತದೆ.

ಈ ಕಸುಬು ಎಷ್ಟು ಬೆಳೆದಿದೆಯೆಂದರೆ, 2013ರ ಏಪ್ರಿಲ್‌ನಲ್ಲಿ ಕಿಸೆಗಳ್ಳರ ಕಾಟ ತಾಳಲಾರದೆ ಲೂವ್ರ್ ವಸ್ತುಸಂಗ್ರಹಾಲಯದ ಸಿಬ್ಬಂದಿ ಮುಷ್ಕರ ಹೂಡಿದರು, ಒಂದು ದಿನ ಬಾಗಿಲೇ ತೆರೆಯಲಿಲ್ಲ. 2015ರ ಮೇಯಲ್ಲಿ ಇದೇ ಕಾರಣಕ್ಕೆ ಐಫೆಲ್ ಗೋಪುರದ ಸಿಬ್ಬಂದಿಯೂ ಕೆಲಸ ನಿಲ್ಲಿಸಿದರು. ಲೂವ್ರ್‌ನಲ್ಲಿ ಕಾಟ ಕೊಡುತ್ತಿದ್ದವರಲ್ಲಿ ಮಕ್ಕಳೂ ಇದ್ದರು. "ಕಳ್ಳರ ಹಾಗೆ ಕಾಣುವವರು" ಎಂಬ ಮಾತು ಎಷ್ಟು ಟೊಳ್ಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಚೆನ್ನಾಗಿ ಉಡುಪು ತೊಟ್ಟು, ಕೈಯಲ್ಲಿ ನಕ್ಷೆ ಹಿಡಿದು, ಪ್ರವಾಸಿಯ ಹಾಗೆಯೇ ಕಾಣುವವನ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಮುಖ ನೋಡುವುದಕ್ಕಿಂತ ಸನ್ನಿವೇಶ ನೋಡುವುದು ಮೇಲು. ಅಪರಿಚಿತರೊಬ್ಬರು ನಿಮ್ಮನ್ನು ನಿಲ್ಲಿಸಿದರೆ, ಮುಟ್ಟಿದರೆ ಅಥವಾ ಕೈಗೆ ಏನಾದರೂ ಕೊಟ್ಟರೆ ಮೊದಲು ಬ್ಯಾಗ್ ಎದೆಯ ಮುಂದಕ್ಕೆ ಬರಲಿ, ಮಾತು ಆಮೇಲೆ.

ಚಿನ್ನದ ವಿಷಯ

ಇಲ್ಲಿ ಮಾತ್ರ ಬೆರಳಿನ ಕೆಲಸ ಬಲಪ್ರಯೋಗಕ್ಕೆ ತಿರುಗಬಹುದು. 2022ರ ಬೇಸಿಗೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ, ಅಂದರೆ ಕನ್ನಡ ಕುಟುಂಬಗಳು ಸಾಕಷ್ಟಿರುವ ಸ್ಯಾನ್ ಹೋಸೆ, ಸನಿವೇಲ್, ಮಿಲ್ಪಿಟಾಸ್ ಪ್ರದೇಶದಲ್ಲಿ, ಕನಿಷ್ಠ 14 ಹಿಂದೂ ಮಹಿಳೆಯರ ಸರ ಕಿತ್ತ ಆರೋಪದ ಮೇಲೆ ಒಬ್ಬನನ್ನು ಬಂಧಿಸಲಾಯಿತು. ಹೆಚ್ಚಿನವರು 50 ದಾಟಿದವರು. ಸೀರೆ ಉಟ್ಟವರು, ಬೊಟ್ಟು ಇಟ್ಟವರು, ಕತ್ತಿನಲ್ಲಿ ಚಿನ್ನವಿದ್ದವರು. ಒಬ್ಬರನ್ನು ನೆಲಕ್ಕೆ ಕೆಡವಿ, ಅವರ ಗಂಡನ ಮುಖಕ್ಕೆ ಗುದ್ದಿ ಸರ ಕಿತ್ತಿದ್ದ. ಸರಕಾರಿ ವಕೀಲರು ಇದನ್ನು ದ್ವೇಷಾಪರಾಧವೆಂದೂ ದಾಖಲಿಸಿದರು.

ಬ್ರಿಟನ್ನಿನಲ್ಲಿ ದೀಪಾವಳಿ ಹತ್ತಿರ ಬಂದಾಗ ಭಾರತೀಯ ಕುಟುಂಬಗಳಿಗೆ ಚಿನ್ನದ ಬಗ್ಗೆ ಪೊಲೀಸರೇ ಎಚ್ಚರಿಕೆ ಕೊಡುತ್ತಾರೆ. ಅಲ್ಲಿ, ಅಮೆರಿಕದಲ್ಲಿ ಇನ್ನೊಂದು ತಂತ್ರವೂ ಇದೆ. ಕಾರು ನಿಲ್ಲಿಸಿ ಒಬ್ಬ ಹೆಂಗಸು ದಾರಿ ಕೇಳುತ್ತಾಳೆ, ಉಪಕಾರ ಸ್ಮರಣೆ ಎಂದು ತನ್ನ ಸರವನ್ನೇ ತೆಗೆದು ಅಜ್ಜಿಯ ಕೊರಳಿಗೆ ಹಾಕಿ ಅಪ್ಪಿಕೊಳ್ಳುತ್ತಾಳೆ. ಕಾರು ಹೋದ ಮೇಲೆ ಕೊರಳಲ್ಲಿ ಉಳಿದದ್ದು ಹಿತ್ತಾಳೆ ಸರ ಮಾತ್ರ.

ಕರಿಮಣಿ ತೆಗೆಯುವುದು ನಮ್ಮ ಅಮ್ಮಂದಿರಿಗೆ ಸುಲಭದ ಮಾತಲ್ಲ, ಅದನ್ನು ಲಘುವಾಗಿ ಹೇಳುವ ಹಕ್ಕು ಯಾರಿಗೂ ಇಲ್ಲ. ದಾರದಲ್ಲಿ ಪೋಣಿಸಿದ ಬರೀ ಕರಿಮಣಿ, ಅಥವಾ ಚಿನ್ನ ಕಡಿಮೆಯಿರುವ ಸಣ್ಣ ಸರ ಪ್ರಯಾಣಕ್ಕೆಂದು ಇಟ್ಟುಕೊಳ್ಳುವ ಕ್ರಮ ಈಗ ಅನೇಕ ಮನೆಗಳಲ್ಲಿದೆ. ಸೆರಗು, ಜಾಕೆಟ್ ಮರೆಮಾಡುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಬಗ್ಗಿದಾಗ, ಮೊಮ್ಮಗುವನ್ನು ಎತ್ತಿಕೊಂಡಾಗ ಸರ ಹೊರಗೆ ಬಂದೇ ಬರುತ್ತದೆ. ಯಾರಾದರೂ ಎಳೆದರೆ ಹಿಡಿದುಕೊಳ್ಳಬೇಡಿ, ಬ್ಯಾಗ್ ಆದರೂ ಅಷ್ಟೇ. ಅರುವತ್ತು ದಾಟಿದವರು ಬಿದ್ದು ಸೊಂಟದ ಎಲುಬು ಮುರಿದುಕೊಂಡರೆ ಆಗುವ ನಷ್ಟದ ಮುಂದೆ ಎರಡು ಪವನಿನ ಲೆಕ್ಕ ಏನೂ ಅಲ್ಲ.

ಮೊಬೈಲ್ ಹೋದರೆ ಏನೇನು ಹೋಗುತ್ತದೆ

ಲಂಡನ್‌ನಲ್ಲಿ ಈಗ ಹೆಚ್ಚು ಸುದ್ದಿಯಲ್ಲಿರುವುದು ಮೊಬೈಲ್ ಕಸಿಯುವಿಕೆ. ಫುಟ್‌ಪಾತಿನ ಅಂಚಿನಲ್ಲಿ ನಿಂತು ಮ್ಯಾಪ್ ನೋಡುತ್ತಿದ್ದವರ ಕೈಯಿಂದ ಎಲೆಕ್ಟ್ರಿಕ್ ಸೈಕಲಿನಲ್ಲಿ ಬಂದವರು ಕಿತ್ತುಕೊಂಡು ಹೋಗುತ್ತಾರೆ. ಆ ಹೊತ್ತಿಗೆ ಪರದೆ ತೆರೆದೇ ಇರುತ್ತದೆ, ಹಾಗಾಗಿ ಲಾಕ್ ಇದ್ದೂ ಪ್ರಯೋಜನವಿಲ್ಲ. ದಾರಿ ನೋಡಬೇಕಿದ್ದರೆ ರಸ್ತೆಗೆ ಬೆನ್ನು ಹಾಕಿ ಗೋಡೆಯ ಪಕ್ಕ ನಿಲ್ಲಿ, ಇಲ್ಲವೇ ಅಂಗಡಿಯೊಳಗೆ ಹೋಗಿ. ಕದ್ದ ಫೋನಿನಲ್ಲಿ ಬೆರಳಚ್ಚು ಅಥವಾ ಮುಖ ತೋರಿಸದೆ ಪಾಸ್‌ವರ್ಡ್ ಬದಲಿಸಲು ಬಿಡದ ಸೌಲಭ್ಯ 2024ರ ಜನವರಿಯಲ್ಲಿ ಐಫೋನಿಗೆ ಬಂತು. ಆಂಡ್ರಾಯ್ಡಿನಲ್ಲಿ ಫೋನ್ ಕಿತ್ತ ಚಲನೆಯನ್ನು ಗುರುತಿಸಿ ತಾನೇ ಲಾಕ್ ಆಗುವ ಸೌಲಭ್ಯವಿದೆ. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಪರೀಕ್ಷಿಸಿ ಆನ್ ಮಾಡಿಕೊಳ್ಳಬೇಕು.

ಹೆಚ್ಚಿನವರು ಮರೆಯುವುದು ಸಿಮ್. ಫೋನ್ ಎಷ್ಟೇ ಭದ್ರವಾಗಿದ್ದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಬ್ಯಾಂಕಿನ ಒಟಿಪಿ ಅಲ್ಲಿಗೆ ಹೋಗುತ್ತದೆ. ಸಿಮ್‌ಗೆ ಪಿನ್ ಹಾಕಿಟ್ಟರೆ ಬೇರೆ ಫೋನಿನಲ್ಲಿ ಅದು ಎಚ್ಚರವಾಗುವುದೇ ಇಲ್ಲ. ಮೂರು ಸಲ ಪಿನ್ ತಪ್ಪಾದರೆ ಸಿಮ್ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಇದನ್ನು ಊರಿನಲ್ಲೇ, ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸಿ.

ಕೆಲವು ದಿನ ಕಳೆದು "ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿ" ಎಂಬ ಸಂದೇಶ ಬರಬಹುದು. ಕಳೆದ ಫೋನಿನ ಪರದೆಯಲ್ಲಿ ಸಂಪರ್ಕಕ್ಕೆಂದು ಮಗಳ ನಂಬರ್ ಹಾಕಿದ್ದರೆ ಅದು ಅವಳಿಗೇ ಬರುತ್ತದೆ. ಕಳುಹಿಸಿದವನು ಕಳ್ಳನೇ.

ಈ ಎಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಮೊಬೈಲ್ ಹೋದ ಕ್ಷಣಕ್ಕೆ ನಮ್ಮ ಅಮ್ಮನಿಗೆ ಮಗಳ ನಂಬರ್ ಗೊತ್ತಿರುವುದಿಲ್ಲ, ಮನೆಯ ವಿಳಾಸವೂ ಗೊತ್ತಿರುವುದಿಲ್ಲ. ಎರಡನ್ನೂ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದು, ಒಂದು ಸಣ್ಣ ನೋಟಿನ ಜತೆ, ಬ್ಯಾಗಿನಲ್ಲಲ್ಲ, ಮೈಮೇಲಿನ ಬಟ್ಟೆಯಲ್ಲಿ ಇಟ್ಟುಕೊಳ್ಳಲಿ. ಮಗಳ ನಂಬರ್ ಬಾಯಿಪಾಠವಾದರೆ ಇನ್ನೂ ಒಳ್ಳೆಯದು.

ವಾಟ್ಸಾಪಿನ ಎರಡು ಸುಳ್ಳುಗಳು

ಎಟಿಎಂ ಬಳಿ ಯಾರಾದರೂ ಬೆದರಿಸಿದರೆ ಪಿನ್ ಅನ್ನು ಹಿಂದುಮುಂದಾಗಿ ಒತ್ತಿ, ದುಡ್ಡೂ ಬರುತ್ತದೆ, ಪೊಲೀಸರೂ ಬರುತ್ತಾರೆ ಎಂಬ ಸಂದೇಶ ಬಹಳ ವರ್ಷಗಳಿಂದ ಸುತ್ತುತ್ತಿದೆ. ಇಂಥದ್ದೊಂದು ಯೋಚನೆಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು ನಿಜ, ಆದರೆ ಬ್ಯಾಂಕುಗಳು ಅದನ್ನು ಜಾರಿಗೆ ತರಲಿಲ್ಲ. ಪಿನ್ 1221 ಆಗಿದ್ದರೆ ಹಿಂದುಮುಂದಾಗಿ ಒತ್ತುವುದು ಹೇಗೆ ಎಂದು ಫಾರ್ವರ್ಡ್ ಮಾಡುವವರು ಯಾರೂ ಯೋಚಿಸಿದಂತಿಲ್ಲ. ಬೆದರಿಕೆಯ ಹೊತ್ತಿನಲ್ಲಿ ಇದನ್ನು ಪ್ರಯೋಗಿಸಿದರೆ ಯಂತ್ರ ತಪ್ಪು ಪಿನ್ ಎನ್ನುತ್ತದೆ, ಎದುರಿಗಿದ್ದವನು ಸಿಟ್ಟಾಗುತ್ತಾನೆ.

ಎರಡನೆಯದು, ಕಿಸೆಯಲ್ಲಿರುವ ಕಾರ್ಡಿನಿಂದ ಗಾಳಿಯಲ್ಲೇ ದುಡ್ಡು ಎಳೆಯುತ್ತಾರೆ, ಅದಕ್ಕೆ ವಿಶೇಷ ಪರ್ಸ್ ಬೇಕು ಎಂಬುದು. ಮುಟ್ಟಿಸಿ ಪಾವತಿಸುವ ಕಾರ್ಡು ಕೆಲವೇ ಸೆಂಟಿಮೀಟರ್ ದೂರದಲ್ಲಿ ಕೆಲಸ ಮಾಡುತ್ತದೆ, ಪ್ರತಿ ಪಾವತಿಗೂ ಹೊಸ ಸಂಕೇತ ಹುಟ್ಟುತ್ತದೆ. ಬೀದಿಗಳ್ಳನಿಗೆ ಆ ತಂತ್ರಜ್ಞಾನಕ್ಕಿಂತ ಎರಡು ಬೆರಳು ಸುಲಭ. ಆ ದುಡ್ಡಿನಲ್ಲಿ ಜಿಪ್ ಇರುವ ಬ್ಯಾಗ್ ಕೊಳ್ಳಿ.

ಉಪಯೋಗಕ್ಕೆ ಬರುವ ಸಂಗತಿ ಬೇರೆ ಇದೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಕಾರ್ಡಿನ ವಿದೇಶಿ ಬಳಕೆಯನ್ನು ನೀವೇ ಆನ್ ಅಥವಾ ಆಫ್ ಮಾಡಬಹುದು, ದಿನದ ಮಿತಿಯನ್ನೂ ಇಳಿಸಬಹುದು. ಎರಡು ಕಾರ್ಡ್ ಒಯ್ದು ಒಂದನ್ನು ಮನೆಯಲ್ಲೇ ಬಿಡಿ, ಅದರ ವಿದೇಶಿ ಬಳಕೆ ಬೇಕಾಗುವವರೆಗೆ ಆಫ್ ಇರಲಿ. ಹೊರಗೆ ಒಯ್ಯುವ ಕಾರ್ಡಿನ ಮಿತಿ ಆ ದಿನದ ಖರ್ಚಿಗೆ ಬೇಕಾದಷ್ಟಿದ್ದರೆ ಸಾಕು. ಕಾರ್ಡ್ ಹೋದ ಕೂಡಲೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ. ತಿಳಿಸಿದ ನಂತರ ನಡೆಯುವ ಅನಧಿಕೃತ ಆನ್‌ಲೈನ್ ಅಥವಾ ಕಾರ್ಡ್ ವಹಿವಾಟಿನ ನಷ್ಟ ಬ್ಯಾಂಕಿನದ್ದು ಎಂದು 2017ರ ಸುತ್ತೋಲೆ ಹೇಳುತ್ತದೆ.

ಪಾಸ್‌ಪೋರ್ಟ್

ಗುರುತಿನ ಚೀಟಿ ಜತೆಗಿರಲೇಬೇಕು ಎಂಬ ಕಾನೂನು ಕೆಲವು ದೇಶಗಳಲ್ಲಿದೆ, ಹೋಗುವ ಮೊದಲು ವಿಚಾರಿಸಿ. ಅಂಥ ಕಡ್ಡಾಯವಿಲ್ಲದಿದ್ದರೆ ಪಾಸ್‌ಪೋರ್ಟ್ ಮಗಳ ಮನೆಯಲ್ಲೋ ಹೋಟೆಲಿನ ಲಾಕರಿನಲ್ಲೋ ಇರಲಿ. ಫೋಟೊ ಇರುವ ಪುಟ, ವೀಸಾ ಪುಟಗಳ ಜೆರಾಕ್ಸ್ ಬ್ಯಾಗಿನಲ್ಲಿರಲಿ, ಇನ್ನೊಂದು ಪ್ರತಿ ಊರಿನಲ್ಲಿರುವ ಯಾರದಾದರೂ ಇಮೇಲಿನಲ್ಲಿರಲಿ. ಮಫ್ತಿಯಲ್ಲಿ ಬಂದು "ಪೊಲೀಸ್, ಪರ್ಸ್ ತೋರಿಸಿ, ಖೋಟಾ ನೋಟು ನೋಡಬೇಕು" ಎನ್ನುವವರಿಗೆ ಪರ್ಸ್ ಕೊಡಬೇಡಿ. ಠಾಣೆಗೆ ಹೋಗೋಣ ಎನ್ನಿ, ಅನುಮಾನವಿದ್ದರೆ ತುರ್ತು ಸಂಖ್ಯೆಗೆ ಕರೆ ಮಾಡಿ. ಯುರೋಪಿನ ದೇಶಗಳಲ್ಲಿ 112, ಬ್ರಿಟನ್ನಿನಲ್ಲಿ 999 ಮತ್ತು 112 ಎರಡೂ, ಅಮೆರಿಕದಲ್ಲಿ 911, ಯುಎಇಯಲ್ಲಿ ಪೊಲೀಸರಿಗೆ 999.

ಪಾಸ್‌ಪೋರ್ಟ್ ಹೋಗಿಯೇ ಬಿಟ್ಟರೆ ಮೊದಲು ಪೊಲೀಸ್ ದೂರು. ಕಳೆದದ್ದು ಸಿಗುವುದಿಲ್ಲ, ದೂರು ಯಾಕೆ ಎಂದು ಬಿಟ್ಟವರು ಮರುದಿನವೇ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ, ಏಕೆಂದರೆ ರಾಯಭಾರ ಕಚೇರಿಯಿಂದ ಹಿಡಿದು ವಿಮಾ ಕಂಪನಿಯವರೆಗೆ ಎಲ್ಲರೂ ಕೇಳುವುದು ಅದರ ಪ್ರತಿಯನ್ನೇ. ಆಮೇಲೆ ಹತ್ತಿರದ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್. ಅಲ್ಲಿ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ಕಾಯಲು ಸಮಯವಿಲ್ಲದಿದ್ದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬಹುದು. ಇದು ಭಾರತಕ್ಕೆ ಮರಳಲು ಮಾತ್ರ ನಡೆಯುವ, ಒಂದೇ ಸಲದ ದಾಖಲೆ. ಅದನ್ನು ಹಿಡಿದುಕೊಂಡು ನಡುವೆ ಇನ್ನೊಂದು ದೇಶ ಸುತ್ತಿ ಬರಲಾಗದು. ಬಜಪೆಗೆ ಬರುವವರಲ್ಲಿ ಕೆಲವರು ಗಲ್ಫಿನಲ್ಲಿ ವಿಮಾನ ಬದಲಿಸುತ್ತಾರೆ. ಹಾಗಾಗಿ ಆ ದಾಖಲೆಯಲ್ಲಿ ಅಲ್ಲಿ ಹಾದುಬರಲು ಅಡ್ಡಿಯಿಲ್ಲವೇ ಎಂದು ಟಿಕೆಟ್ ಮಾಡಿಸುವ ಮೊದಲೇ ವಿಮಾನ ಕಂಪನಿಯಲ್ಲಿ ಕೇಳಿ. ಕಚೇರಿಯಿಂದ ಉತ್ತರ ಬಾರದಿದ್ದರೆ ವಿದೇಶಾಂಗ ಸಚಿವಾಲಯ 2015ರಲ್ಲಿ ಶುರು ಮಾಡಿದ ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು, ಊರಿನಲ್ಲಿರುವ ಮನೆಯವರೂ ದಾಖಲಿಸಬಹುದು. ವಿದೇಶಿ ಠಾಣೆಯ ಆ ದೂರಿನ ಪ್ರತಿಯನ್ನು ಬಂದ ಮೇಲೂ ಎಸೆಯಬೇಡಿ. ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸದಕ್ಕೆ ಅರ್ಜಿ ಹಾಕುವಾಗ ಮತ್ತೆ ಅದೇ ಕಾಗದ ಬೇಕಾಗುತ್ತದೆ.