ಫಿಲಿಪ್ಪೈನ್ ದ್ವೀಪಗಳಲ್ಲಿ ತಾಯಿಯ ಸಂಸಾರ

ಅನ್ನವನ್ನುಂಡು ಬಾಳುವ ಜನರನ್ನು ಗುರುತಿಸಬೇಕಾದರೆ ಅವರ ಅಡಿಗೆಮನೆಗೆ ಹೋಗಬೇಕಾದುದಿಲ್ಲ. ಅವರ ನಿಘಂಟನ್ನು ತೆರೆದರೆ ಸಾಕು. ಗದ್ದೆಯಲ್ಲಿ ನಿಂತಿರುವಾಗ ಭತ್ತ, ಮೊರಕ್ಕೆ ಬಂದಾಗ ಅಕ್ಕಿ, ಎಲೆಗೆ ಬಿದ್ದಾಗ ಅನ್ನ, ಹೀಗೆ ಒಂದೇ ಕಾಳನ್ನು ನಾವು ಮೂರು ಹೆಸರುಗಳಿಂದ ಕರೆಯುತ್ತೇವಷ್ಟೆ. ನಮ್ಮಿಂದ ಸಾವಿರಾರು ಮೈಲಿ ಪೂರ್ವಕ್ಕೆ, ಪೆಸಿಫಿಕ್ ಮಹಾಸಾಗರದ ಅಂಚಿನಲ್ಲಿರುವ ಫಿಲಿಪ್ಪೈನ್ ದ್ವೀಪಗಳ ಗೃಹಿಣಿಯೂ ಹಾಗೆಯೇ ಮಾಡುತ್ತಾಳೆ. ಆಕೆಯ ತಗಾಲೊಗ್ ಭಾಷೆಯಲ್ಲಿ ಭತ್ತಕ್ಕೆ ಪಾಲಾಯ್, ಅಕ್ಕಿಗೆ ಬಿಗಾಸ್, ಅನ್ನಕ್ಕೆ ಕಾನಿನ್ ಎಂದು ಹೆಸರು. ಅಷ್ಟಕ್ಕೇ ಮುಗಿಯಲಿಲ್ಲ. ತಂಗಳನ್ನಕ್ಕೆ ಒಂದು ಹೆಸರು, ಗಂಜಿಗೆ ಒಂದು, ಕೂಸಿಗೆ ಕುಡಿಸುವ ತಿಳಿಗಂಜಿಗೆ ಒಂದು, ಪಾತ್ರೆಯ ತಳ ಹಿಡಿದು ಸೀದುಹೋದ ಅನ್ನಕ್ಕೆ ಮತ್ತೊಂದು. ಇಂಥ ಮನೆಯೊಡತಿಯ ಬಳಿಗೆ ಹೋಗುವಾಗ ನಾವು ಪರದೇಶಕ್ಕೆ ಹೋಗುತ್ತಿದ್ದೇವೆಂದು ಅಂಜಬೇಕಾದ ಕಾರಣವಿಲ್ಲ.

ಆ ದೇಶದ ದ್ವೀಪಗಳ ಸಂಖ್ಯೆ 7,600ಕ್ಕೂ ಹೆಚ್ಚು. ಭಾಷೆಗಳು ನೂರನ್ನು ಮೀರಿವೆ. 1565ರಿಂದ 1898ರವರೆಗೆ ಸ್ಪೇನಿನವರೂ, ಅನಂತರ ಅಮೆರಿಕದವರೂ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನವರೂ ಅಲ್ಲಿ ಆಳಿದರು. 1946ರಲ್ಲಿ ದೇಶವು ಸ್ವತಂತ್ರವಾಯಿತು. ಜನರಲ್ಲಿ ಬಹುಪಾಲು ರೋಮನ್ ಕ್ಯಾಥೊಲಿಕ್ ಕ್ರೈಸ್ತರು. ಆದರೆ ಸ್ಪೇನಿನವರು ಬರುವುದಕ್ಕೆ ಬಹು ಹಿಂದೆಯೇ ಮಲಯ ದ್ವೀಪಗಳ ಮಾರ್ಗವಾಗಿ ಸಂಸ್ಕೃತದ ಮಾತುಗಳು ಅಲ್ಲಿಗೆ ಹೋಗಿ ನೆಲಸಿದ್ದವು. ಮುಖಕ್ಕೆ ಅವರೂ ಮುಖವೆಂದೇ ಹೇಳುತ್ತಾರೆ. ಉಪಾಧ್ಯಾಯರು ಅವರಿಗೆ ‘ಗುರೊ’. ನಮ್ಮ ‘ದುಃಖ’ವು ಅಲ್ಲಿ ‘ದುಖಾ’ ಆಗಿ ಬಡವನೆಂಬ ಅರ್ಥವನ್ನು ತಾಳಿದೆ. ಈ ಅರ್ಥಾಂತರದಲ್ಲಿ ಹೆಚ್ಚಿನ ದೋಷವೇನೂ ನಮಗೆ ಕಾಣುವುದಿಲ್ಲ.

ತಾಯಿಯನ್ನು ಮಕ್ಕಳು ‘ನಾನಾಯ್’ ಎಂದು ಕರೆಯುತ್ತಾರೆ. ಲೋಕವು ಆಕೆಗೆ ಕೊಟ್ಟಿರುವ ಬಿರುದು ಬೇರೊಂದುಂಟು. ತಂದೆಯು ಮನೆಯ ಕಂಬ, ತಾಯಿ ಮನೆಯ ದೀಪ ಎಂಬುದು ಅಲ್ಲಿಯ ಜನರ ಬಾಯಲ್ಲಿ ಸದಾ ಇರುವ ಮಾತು. ಆ ದೇಶದ ರಾಷ್ಟ್ರಪುರುಷನಾದ ಹೊಸೆ ರಿಸಾಲನು ತನ್ನ ಬಾಲ್ಯದ ನೆನಪುಗಳಲ್ಲಿ ಬರೆದಿರುವ ಒಂದು ಪ್ರಸಂಗವು ಇಲ್ಲಿ ಜ್ಞಾಪಕಕ್ಕೆ ಬರುತ್ತದೆ. ಅವನ ತಾಯಿ ತೆಯೊದೊರಾ ಅಲೊನ್ಸೊ ಒಂದು ರಾತ್ರಿ ಮಗನನ್ನು ಬಳಿಯಲ್ಲಿ ಕೂರಿಸಿಕೊಂಡು, ದೀಪದ ಮೋಹಕ್ಕೆ ಬಿದ್ದು ರೆಕ್ಕೆ ಸುಟ್ಟುಕೊಂಡ ಮರಿಪತಂಗದ ಕಥೆಯನ್ನು ಓದಿ ಹೇಳುತ್ತಿದ್ದಳಂತೆ. ಹುಡುಗನ ಕಣ್ಣು ಕಥೆಯನ್ನು ಬಿಟ್ಟು ಎದುರಿಗೆ ಉರಿಯುತ್ತಿದ್ದ ದೀಪದ ಮೇಲೆಯೂ ಅದನ್ನು ಸುತ್ತುತ್ತಿದ್ದ ಹುಳುಗಳ ಮೇಲೆಯೂ ನೆಟ್ಟಿತ್ತು. ಮುಂದೆ ಅವನು ಕಣ್ಣಿನ ವೈದ್ಯನಾಗಿ ಹಾಂಗ್ ಕಾಂಗಿನಲ್ಲಿ ತಾಯಿಯ ಕಣ್ಣಿಗೆ ತಾನೇ ಚಿಕಿತ್ಸೆ ಮಾಡಿದನು. 1896ನೆಯ ಡಿಸೆಂಬರ್ 30ರಂದು ಸ್ಪೇನಿನ ಸರ್ಕಾರದವರು ಅವನನ್ನು ಗುಂಡಿಕ್ಕಿ ಕೊಂದರು. ಆ ತಾಯಿ ಮಗನ ಅನಂತರವೂ ಅನೇಕ ವರ್ಷ ಬದುಕಿದ್ದಳು.

ಇನ್ನು ದಿನಚರಿಗೆ ಬರೋಣ. ಕೋಳಿ ಕೂಗುವ ಹೊತ್ತಿಗೆ ತಾಯಿ ಎದ್ದಿರುತ್ತಾಳೆ. ರಾತ್ರಿ ಉಳಿದ ತಂಗಳನ್ನವನ್ನು ಕೈಯಿಂದ ಉದುರಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಉಪ್ಪು ಹಾಕಿ ಅನ್ನವನ್ನು ಕಲಸುತ್ತಾಳೆ. ಇದಕ್ಕೆ ಸಿನಾಂಗಾಗ್ ಎಂದು ಹೆಸರು. ನಮ್ಮ ಮನೆಗಳಲ್ಲಿ ಮಿಕ್ಕ ಅನ್ನವು ಬೆಳಗಾಗುವುದರೊಳಗೆ ಚಿತ್ರಾನ್ನವಾಗುವ ಯುಕ್ತಿಯೇ ಇದು. ಜೊತೆಗೆ ಒಂದು ಒಣಮೀನು, ಅನುಕೂಲವಿದ್ದರೆ ಮೊಟ್ಟೆ. ಹೊಸ ಅನ್ನಕ್ಕೆ ನೀರಿಡುವಾಗ ಅಳತೆಯ ಪಾತ್ರೆಯನ್ನು ಆಕೆ ಹುಡುಕುವುದಿಲ್ಲ. ಅಕ್ಕಿಯ ಮೇಲೆ ಬೆರಳಿನ ತುದಿಯನ್ನಿಟ್ಟು, ನೀರು ಮೊದಲನೆಯ ಗೆಣ್ಣಿಗೆ ಬಂದರೆ ಸರಿಯೆನ್ನುತ್ತಾಳೆ. ಅನ್ನದೊಡನೆ ಕಲಸಿಕೊಳ್ಳುವ, ನಂಜಿಕೊಳ್ಳುವ ಪದಾರ್ಥಗಳಿಗೆಲ್ಲ ‘ಉಲಾಮ್’ ಎಂಬ ಒಂದೇ ಮಾತು. ನಮ್ಮ ‘ಮೇಲೋಗರ’ವೇ ಇದಕ್ಕೆ ಹತ್ತಿರದ ಶಬ್ದವೆಂದು ತೋರುತ್ತದೆ. ಹುಣಿಸೆಹಣ್ಣಿನ ಹುಳಿಯಲ್ಲಿ ಮೀನು ಅಥವಾ ಮಾಂಸವನ್ನು ತರಕಾರಿಯೊಡನೆ ಬೇಯಿಸಿದ ಸಿನಿಗಾಂಗ್ ಎಂಬ ಸಾರು ಮಳೆಗಾಲದ ದಿನಗಳಲ್ಲಿ ಮಕ್ಕಳನ್ನು ಒಲೆಯ ಸುತ್ತ ಸೇರಿಸುತ್ತದೆ.

ಅಂಗಳ ಗುಡಿಸುವುದಕ್ಕೆ ತೆಂಗಿನ ಗರಿಯ ಕಡ್ಡಿಪೊರಕೆ. ಅದನ್ನು ನಮ್ಮವರಿಗೆ ವರ್ಣಿಸಬೇಕಾಗಿಲ್ಲ. ಆದರೆ ನೆಲವನ್ನು ಹೊಳಪಿಡುವ ಕ್ರಮ ಮಾತ್ರ ಹೊಸದು. ತೆಂಗಿನಕಾಯಿಯ ಸಿಪ್ಪೆಯನ್ನು ಅರ್ಧಕ್ಕೆ ಕೊಯ್ದು, ಅದರ ಮೇಲೆ ಒಂದು ಕಾಲಿಟ್ಟು, ಮೇಣ ಹಚ್ಚಿದ ಹಲಗೆಯ ನೆಲದ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ನೋಡುವವರಿಗೆ ಕುಣಿತದಂತಿರುತ್ತದೆ. ಈ ಕೆಲಸವನ್ನು ತಾಯಿ ಜಾಣತನದಿಂದ ಮಕ್ಕಳಿಗೆ ವಹಿಸುತ್ತಾಳೆ. ಅವರು ಅದನ್ನು ಆಟವೆಂದು ತಿಳಿದು ಮುಗಿಸುವುದುಂಟು. ಸಿಮೆಂಟಿನ ನೆಲಗಳೂ ಹೆಂಚುಗಲ್ಲುಗಳೂ ಬಂದ ಮೇಲೆ ಈ ಆಟ ಕಡಮೆಯಾಗುತ್ತಿದೆ.

ಬಾಣಂತಿಗೆ ಮಾಡುವ ಆರೈಕೆಯು ವಿಶೇಷವಾಗಿ ಗಮನಿಸತಕ್ಕದ್ದು. ಮೊಲೆಹಾಲು ಹೆಚ್ಚಲೆಂದು ಆಕೆಗೆ ಶುಂಠಿ ಹಾಕಿದ ಕೋಳಿಯ ಸಾರನ್ನು ಕೊಡುತ್ತಾರೆ. ಅದರಲ್ಲಿ ನುಗ್ಗೆಯ ಸೊಪ್ಪೂ ಎಳೆಯ ಪರಂಗಿಕಾಯಿಯೂ ಇರಲೇಬೇಕು. ಬಸುರಿಯರ ಹತ್ತಿರಕ್ಕೆ ಪರಂಗಿಯನ್ನೇ ತರಗೊಡದ ನಮ್ಮ ಅಜ್ಜಿಯರು ಹೆರಿಗೆಯಾದ ಮೇಲಿನ ಈ ಉಪಚಾರವನ್ನು ಕೇಳಿದರೆ ಏನೆನ್ನುತ್ತಿದ್ದರೋ! ನುಗ್ಗೆಯ ಸೊಪ್ಪಿನ ವಿಷಯದಲ್ಲಿ ಮಾತ್ರ ಎರಡು ದೇಶದ ಅಜ್ಜಿಯರೂ ಏಕಾಭಿಪ್ರಾಯರು. ಹೊಸಬರು ಕೂಸನ್ನು ಕಂಡು ‘ಎಷ್ಟು ಚೆನ್ನಾಗಿದೆ’ ಎಂದರೆ ಅದಕ್ಕೆ ‘ಉಸೊಗ್’ ತಗಲುತ್ತದೆಂಬ ಭಯ ಅಲ್ಲಿಯೂ ಉಂಟು. ನಮ್ಮವರು ಕೆನ್ನೆಗೆ ದೃಷ್ಟಿಬೊಟ್ಟನ್ನಿಟ್ಟರೆ ಅವರು ಕೈಗೆ ಕೆಂಪು ಕಪ್ಪು ಮಣಿಗಳ ಸರವನ್ನು ಕಟ್ಟುತ್ತಾರೆ. ಮಗು ನಡೆಯಲು ಕಲಿಯುತ್ತಲೇ ತಾಯಿಯ ಮೊದಲ ಪಾಠವೆಂದರೆ ಹಿರಿಯರ ಕೈಯನ್ನು ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಳ್ಳುವುದು. ಇದಕ್ಕೆ ಮಾನೊ ಎನ್ನುತ್ತಾರೆ. ಹಿರಿಯರೊಡನೆ ಆಡುವ ಮಾತಿನ ನಡುವೆ ‘ಪೊ’ ಎಂಬ ಗೌರವಸೂಚಕವಾದ ಅಕ್ಷರವನ್ನು ಸೇರಿಸುವುದು ಎರಡನೆಯ ಪಾಠ.

ಮನೆಯ ಹಣವು ಸಾಮಾನ್ಯವಾಗಿ ತಾಯಿಯ ಕೈಯಲ್ಲಿಯೇ ಇರುವುದು. ಗಂಡನು ಸಂಬಳವನ್ನು ತಂದೊಪ್ಪಿಸಿ ತನ್ನ ಖರ್ಚಿಗೆ ಕೇಳಿ ಪಡೆಯುವುದು ಅನೇಕ ಮನೆಗಳ ರೂಢಿ. ಅದು ಅಧಿಕಾರವೆಂದು ಹೊರಗಿನವರು ಹೊಗಳುತ್ತಾರೆ. ಸಾಲದ ಹಣವನ್ನು ಸಾಲುವಂತೆ ಮಾಡುವ ಭಾರವೂ ಅದರೊಡನೆಯೇ ಬರುತ್ತದೆಂಬುದನ್ನು ಮರೆಯುತ್ತಾರೆ. ಆದುದರಿಂದಲೇ ಎಷ್ಟೋ ತಾಯಂದಿರು ಮನೆಯ ಕಿಟಕಿಯನ್ನೇ ಅಂಗಡಿ ಮಾಡಿಕೊಂಡಿದ್ದಾರೆ. ಬಗೆಬಗೆಯ ಎಂಬರ್ಥದ ‘ಸಾರಿ-ಸಾರಿ’ ಅಂಗಡಿಗಳು ಇವು. ಎಣ್ಣೆ ಅರ್ಧ ಲೋಟ, ಬೆಳ್ಳುಳ್ಳಿ ಒಂದು ಗಡ್ಡೆ, ಸಾಬೂನಿನ ಪುಡಿ ಒಂದು ಪೊಟ್ಟಣ, ಸಿಗರೇಟು ಒಂದು, ಹೀಗೆ ಬಿಡಿಯಾಗಿ ಮಾರುವುದೇ ಇವುಗಳ ಜೀವಾಳ. ಬಿಡಿಯಾಗಿ ಕೊಳ್ಳುವವನಿಗೆ ಪದಾರ್ಥ ತುಟ್ಟಿಯಾಗುತ್ತದೆಂಬುದು ನಿಜ. ದಿನಗೂಲಿಯವನು ಅಂದಿನ ಕಾಸಿನಿಂದ ಅಂದಿನದನ್ನಲ್ಲದೆ ಮತ್ತೇನನ್ನು ಕೊಂಡಾನು? ನೆರೆಯವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಉದ್ರಿ ಕೇಳಿದಾಗ ಇಲ್ಲವೆನ್ನಲಾರದೆ ಲೆಕ್ಕದ ಪುಸ್ತಕ ಬೆಳೆಯುತ್ತದೆ. ಆ ಪುಸ್ತಕದ ಭಾರಕ್ಕೆ ಮುಚ್ಚಿಹೋಗುವ ಅಂಗಡಿಗಳೂ ಉಂಟು.

ಕೂಡಿಡುವುದಕ್ಕೆ ಅವರಲ್ಲಿ ಪಾಲುವಾಗಾನ್ ಎಂಬ ಏರ್ಪಾಡಿದೆ. ನಮ್ಮ ಹೆಂಗಸರು ಇದನ್ನು ಕಂಡೊಡನೆ ‘ಚೀಟಿ’ಯೆಂದು ಗುರುತಿಸುವರು. ಹತ್ತು ಮಂದಿ ಸೇರಿ ವಾರಕ್ಕಿಷ್ಟೆಂದು ಹಾಕಿ, ಸರದಿಯ ಪ್ರಕಾರ ಒಬ್ಬೊಬ್ಬರು ಇಡಿಯ ಗಂಟನ್ನು ಎತ್ತಿಕೊಳ್ಳುತ್ತಾರೆ. ಹರಾಜು ಕೂಗಿ ಹಣ ಬಿಡುವ ಪದ್ಧತಿ ಇದರಲ್ಲಿಲ್ಲ. ಆ ಹೆಸರಿನ ಮೂಲಧಾತುವಿಗೆ ಸಡಿಲವೆಂದು ಅರ್ಥ. ಚೀಟಿಯೂ ಕೈಗೂಡದಿದ್ದರೆ ‘ಐದಕ್ಕೆ ಆರು’ ಎಂಬ ಸಾಲ: ಐದು ಪೆಸೊ ಪಡೆದರೆ ಆರು ಪೆಸೊ ತೀರಿಸಬೇಕು. ಬೀದಿ ಬೀದಿ ತಿರುಗಿ ಈ ಸಾಲ ಕೊಡುವವರಲ್ಲಿ ಪಂಜಾಬಿನಿಂದ ಹೋದ ನಮ್ಮ ದೇಶದವರು ಅನೇಕರಿರುವುದರಿಂದ, ಭಾರತೀಯನೆಂದರೆ ಅಲ್ಲಿಯ ತಾಯಂದಿರಿಗೆ ಮೊದಲು ತೋಚುವುದು ಇದೇ. ಕೀರ್ತಿಯ ವಿಷಯವಲ್ಲವಾದರೂ ಹೇಳದೆ ಬಿಡುವುದು ಸರಿಯಲ್ಲ.

ಇಷ್ಟರ ನಡುವೆ ಸಂತೋಷವೆಲ್ಲಿಯದೆಂದು ಕೇಳಬಹುದು. ಅದು ಮೂರು ಗಂಟೆಯ ಬಿಸಿಲಿನಲ್ಲಿ ಬರುತ್ತದೆ. ಮಧ್ಯಾಹ್ನದ ನಿದ್ದೆಯಿಂದೆದ್ದ ಮಕ್ಕಳಿಗೆ ತಾಯಿ ಬಾಳೆಯೆಲೆಯ ಸುರುಳಿಯನ್ನು ಬಿಚ್ಚಿ ಕೊಡುತ್ತಾಳೆ. ಒಳಗೆ ತೆಂಗಿನಹಾಲಿನಲ್ಲಿ ಬೆಂದ ಅಂಟಕ್ಕಿಯ ಸುಮಾನ್ ಎಂಬ ಕಡುಬು. ಪೇಟೆಗೆ ಹೋದವರು ಬರಿಗೈಯಲ್ಲಿ ಹಿಂದಿರುಗಬಾರದೆಂಬ ನಿಯಮವೂ ಉಂಟು. ತಂದ ತಿನಿಸು ಎಷ್ಟೇ ಚಿಕ್ಕದಾಗಲಿ ಅದಕ್ಕೆ ‘ಪಾಸಾಲುಬೊಂಗ್’ ಎಂಬ ಪ್ರತ್ಯೇಕವಾದ ಹೆಸರಿದೆ. ಕ್ರಿಸ್ಮಸ್ಸಿನ ಸಡಗರವು ಸೆಪ್ಟೆಂಬರಿನಲ್ಲಿಯೇ ತಲೆಯೆತ್ತುತ್ತದೆ. ಬಿದಿರಿನ ಕಡ್ಡಿಗೂ ಕಾಗದಕ್ಕೂ ಅಂಟು ಹಚ್ಚಿ ನಕ್ಷತ್ರದ ಆಕಾರದ ಗೂಡುದೀಪವನ್ನು ಮನೆಯವರೆಲ್ಲ ಸೇರಿ ಕಟ್ಟುತ್ತಾರೆ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಮುಂಜಾವಿನ ಪೂಜೆ. ನಿದ್ದೆಗಣ್ಣಿನ ಮಕ್ಕಳು ಚರ್ಚಿಗೆ ಹೋಗುವುದು ದೇವರಿಗಾಗಿಯೋ, ಹೊರಗೆ ಕೆಂಡದ ಮೇಲೆ ಬೇಯುವ ಅಕ್ಕಿಹಿಟ್ಟಿನ ಬಿಬಿಂಗ್ಕಾಕ್ಕಾಗಿಯೋ, ತಾಯಿ ವಿಚಾರಿಸುವುದಿಲ್ಲ.

ವರ್ಷಕ್ಕೆ ಸುಮಾರು ಇಪ್ಪತ್ತು ಚಂಡಮಾರುತಗಳು ಆ ಕಡಲಿಗೆ ಬರುತ್ತವೆ. ಎಚ್ಚರಿಕೆ ಬಂದೊಡನೆ ತಾಯಿ ಮಾಡುವ ಕೆಲಸ ಎರಡು: ಅನ್ನವನ್ನು ಮುಂಚಿತವಾಗಿ ಬೇಯಿಸುವುದು, ಮಕ್ಕಳ ಜನನಪತ್ರ ಮತ್ತು ಶಾಲೆಯ ಕಾಗದಗಳನ್ನು ನೀರು ತಾಗದಂತೆ ಕಟ್ಟಿಡುವುದು. 2013ನೆಯ ನವೆಂಬರ್ 8ರಂದು ತಾಕ್ಲೊಬಾನಿನ ಕಡೆ ಬೀಸಿದ ಗಾಳಿಯಲ್ಲಿ 6,000ಕ್ಕೂ ಹೆಚ್ಚು ಜನ ತೀರಿಕೊಂಡರು.

ಸ್ತ್ರೀಯರ ಹಕ್ಕುಗಳಲ್ಲಿ ಆ ದೇಶ ಹಿಂದುಳಿದದ್ದಲ್ಲ. 1937ನೆಯ ಏಪ್ರಿಲ್ 30ರಂದು, ಹೆಂಗಸರಿಗೆ ಮತಾಧಿಕಾರ ಬೇಕೇ ಎಂದು ಹೆಂಗಸರನ್ನೇ ಕೇಳಿದರು. ಬೇಕೆನ್ನುವವರು 3,00,000 ಇರಬೇಕೆಂದು ಗೊತ್ತುಮಾಡಿದ್ದರೆ 4,40,000ಕ್ಕೂ ಹೆಚ್ಚು ಮಂದಿ ಬೇಕೆಂದರು. 2019ರ ಕಾನೂನು ಹೆರಿಗೆಗೆ ಸಂಬಳಸಹಿತವಾದ 105 ದಿನದ ರಜವನ್ನು ಕೊಟ್ಟಿದೆ.

ಆದರೆ ಕಾನೂನು ತೀರಿಸಲಾರದ ಒಂದು ಸಂಕಟವಿದೆ. 1974ರಲ್ಲಿ ಸರ್ಕಾರವೇ ಜನರನ್ನು ಹೊರದೇಶಗಳ ದುಡಿಮೆಗೆ ಕಳುಹಿಸುವ ಏರ್ಪಾಡನ್ನು ಆರಂಭಿಸಿತು. ಈಗ ಹಾಗೆ ಹೋಗಿರುವವರು ಸುಮಾರು 20 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ದಾದಿಯರಾಗಿ ಹೋದವರುಂಟು, ಗಲ್ಫ್ ದೇಶಗಳಲ್ಲಿ, ಹಾಂಗ್ ಕಾಂಗಿನಲ್ಲಿ, ಸಿಂಗಪುರದಲ್ಲಿ ಪರರ ಮನೆಗೆಲಸಕ್ಕೆ ನಿಂತವರು ಬಹಳ. ಗಲ್ಫಿಗೆ ಹೋದ ದಾದಿಯರಿರುವ ನಮ್ಮ ಮಂಗಳೂರು ಉಡುಪಿಯ ಮನೆಗಳವರಿಗೆ ಇದು ತೀರ ಅಪರಿಚಿತವಲ್ಲ. ಮನೆಯ ದೀಪವೆನಿಸಿದವಳು ಮತ್ತೊಬ್ಬರ ಮಕ್ಕಳಿಗೆ ತಲೆ ಬಾಚಿ ಶಾಲೆಗೆ ಕಳುಹಿಸುತ್ತಿರುವಾಗ, ಆಕೆಯ ಮಕ್ಕಳಿಗೆ ಅಜ್ಜಿಯೋ ಚಿಕ್ಕಮ್ಮನೋ ತಲೆ ಬಾಚುತ್ತಾರೆ. ಯಾರೂ ಇಲ್ಲದಿದ್ದರೆ ಹಿರಿಯ ಮಗಳು. ಅಂಥ ಮಗಳನ್ನು ತಮ್ಮಂದಿರು ‘ಆತೆ’, ಅಂದರೆ ಅಕ್ಕ, ಎಂದು ಕರೆಯುವರು. ಹನ್ನೆರಡು ಹದಿಮೂರರಲ್ಲಿಯೇ ಅವಳು ಅನ್ನಕ್ಕೆ ಬೆರಳಿಟ್ಟು ನೀರು ಅಳೆಯುತ್ತಾಳೆ.

ತಾಯಿ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ತಿಂಗಳುಗಟ್ಟಲೆ ತುಂಬಿ ಹಡಗಿನಲ್ಲಿ ಕಳುಹಿಸುತ್ತಾಳೆ. ಸಾಬೂನು, ಡಬ್ಬಿಯ ಮಾಂಸ, ಚಾಕೊಲೇಟು, ಟವಲು, ಪಾದರಕ್ಷೆ. ಮಕ್ಕಳ ಕಾಲನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆಯೆಳೆದು ಅಳತೆ ತರಿಸಿಕೊಳ್ಳುವವರುಂಟು. ಪೆಟ್ಟಿಗೆ ತಲಪುವ ವೇಳೆಗೆ ಪಾದ ಬೆಳೆದಿದ್ದರೆ ರಕ್ಷೆ ತಮ್ಮನಿಗಾಗುತ್ತದೆ. ಪೆಟ್ಟಿಗೆಯನ್ನು ತೆರೆದಾಗ ಬರುವ ವಾಸನೆಗೆ ಮಕ್ಕಳು ‘ಹೊರದೇಶದ ವಾಸನೆ’ ಎನ್ನುತ್ತಾರೆ.

ಹಾಂಗ್ ಕಾಂಗಿನಲ್ಲಿ ಭಾನುವಾರ ಈ ಹೆಂಗಸರಿಗೆ ಬಿಡುವು. ನಗರದ ನಡುವಣ ಬೀದಿಗಳಲ್ಲಿ, ದೊಡ್ಡ ಬ್ಯಾಂಕುಗಳ ನೆರಳಿನಲ್ಲಿ, ಹಳೆಯ ರಟ್ಟುಗಳನ್ನು ಹಾಸಿಕೊಂಡು ಸಾವಿರಾರು ಮಂದಿ ಕುಳಿತಿರುತ್ತಾರೆ. ಅನ್ನವನ್ನು ಹಂಚಿಕೊಂಡು ಉಣ್ಣುತ್ತಾರೆ, ಒಬ್ಬರ ಜಡೆಯನ್ನೊಬ್ಬರು ಹೆಣೆಯುತ್ತಾರೆ, ಊರಿಗೆ ಕಳುಹಿಸುವ ಪೆಟ್ಟಿಗೆಗಳನ್ನು ಕಟ್ಟುತ್ತಾರೆ. ಕೈಯಲ್ಲಿ ದೂರವಾಣಿಯನ್ನು ಹಿಡಿದು, ಅದರ ಗಾಜಿನೊಳಗೆ ಕಾಣುವ ಮಗನ ಲೆಕ್ಕದ ಪುಸ್ತಕವನ್ನು ಪುಟ ಪುಟವಾಗಿ ತಿರುಗಿಸಿ ತೋರಿಸೆಂದು ಗದರಿಸುತ್ತಿರುತ್ತಾರೆ.